ಭಾನುವಾರದ ಪಬ್ ಬ್ರಂಚ್: ಕೆಟ್ಟಿದ್ದೆಲ್ಲಿ, ಕೇಳಬೇಕಿದ್ದೇನು?

ಬಡಾವಣೆಯ ಪಬ್‌ಗಳಲ್ಲಿ ವಾರಾಂತ್ಯದ ಬ್ರಂಚ್ (ತಿಂಡಿ, ಊಟ ಎರಡೂ ಸೇರಿದ ಬಫೆ) ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ. ಅಡುಗೆಮನೆಯ ಪ್ರಶ್ನೆಗಳಿಗೆ ಹೋಟೆಲ್ ಅಡುಗೆಯಲ್ಲಿ ಪಳಗಿದವರೂ ಬಿಲ್ಲಿನ ಪ್ರಶ್ನೆಗಳಿಗೆ ಗ್ರಾಹಕ ಕಾನೂನು ಬಲ್ಲವರೂ ಉತ್ತರಿಸಿದ್ದಾರೆ.

ಪ್ರಶ್ನೆ: ಕಳೆದ ಭಾನುವಾರ ಮನೆ ಹತ್ತಿರದ ಪಬ್‌ಗೆ ಬ್ರಂಚ್‌ಗೆಂದು ಆರು ಜನ ಹೋಗಿದ್ದೆವು. ಅತ್ತೆ, ಮಾವ, ನಾವಿಬ್ಬರು, ಹತ್ತು ಮತ್ತು ಆರು ವರ್ಷದ ಮಕ್ಕಳು. ದೊಡ್ಡವರಿಗೆ ತಲಾ 1,499 ರೂಪಾಯಿ, ಮಕ್ಕಳಿಗೆ 749. ಎರಡು ಗಂಟೆಗೆ ಟೇಬಲ್ ಬುಕ್ ಆಗಿತ್ತು, ಕೂರುವಾಗ ಎರಡೂಕಾಲು. ಪ್ಯಾನ್‌ಕೇಕ್ ರಬ್ಬರಿನ ಹಾಗಿತ್ತು. ಬನ್ ಮೇಲೆ ಮೊಟ್ಟೆ ಇಟ್ಟು ಕೊಡುವ ಎಗ್ಸ್ ಬೆನೆಡಿಕ್ಟ್ ಮೇಲಿನ ಸಾಸ್ ಒಡೆದು ಬೆಣ್ಣೆ ಬಿಟ್ಟುಕೊಂಡಿತ್ತು. ಪೊಟ್ಯಾಟೊ ವೆಡ್ಜಸ್ ಮೆತ್ತಗಾಗಿದ್ದವು. ಮೂರಕ್ಕೆ ದೋಸೆ ಕೌಂಟರ್ ಮುಚ್ಚಿಯೇಬಿಟ್ಟರು. ಮಾವ ಹಿಯರಿಂಗ್ ಏಡ್ ಹಾಕುತ್ತಾರೆ, ಸ್ಪೀಕರ್ ನಮ್ಮ ತಲೆಯ ಮೇಲೇ ಇತ್ತು. ತಪ್ಪು ಅವರದೋ, ನಮಗೇ ಬ್ರಂಚ್‌ಗೆ ಹೋಗುವ ಕ್ರಮ ಗೊತ್ತಿಲ್ಲವೋ?
– ಓದುಗರು, ಜೆ.ಪಿ. ನಗರ

ಉತ್ತರ: ಮುಕ್ಕಾಲು ಪಾಲು ತಪ್ಪು ಪಬ್‌ನದೇ. ಎರಡು ಗಂಟೆಗೆ ಟೇಬಲ್ ಕೊಟ್ಟವರು ‘ಮೂರಕ್ಕೆ ಕೊನೆಯ ರೀಫಿಲ್’ ಎಂದು ಬುಕಿಂಗ್ ವೇಳೆಯೇ ಹೇಳಬೇಕಿತ್ತು. ಪೂರ್ತಿ ದುಡ್ಡು ತೆಗೆದುಕೊಂಡು ಮುಕ್ಕಾಲು ಗಂಟೆಯ ಊಟ ಕೊಡುವುದು ಸರಿಯಲ್ಲ. ಉಳಿದ ಕಾಲು ಪಾಲು ನೀವು ಆರಿಸಿಕೊಂಡ ಹೊತ್ತಿನದು.

ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಬ್ರಂಚ್ ಹನ್ನೆರಡು, ಹನ್ನೆರಡೂವರೆಗೆ ಶುರುವಾಗಿ ನಾಲ್ಕರ ಸುಮಾರಿಗೆ ಮುಗಿಯುತ್ತದೆ. ಬಫೆಯಲ್ಲಿ ಮಿಕ್ಕಿದ್ದು ನಷ್ಟವೇ. ಹಾಗಾಗಿ ಎರಡು ಗಂಟೆ ದಾಟಿತೆಂದರೆ ಶೆಫ್ ಲೆಕ್ಕ ಹಾಕತೊಡಗುತ್ತಾರೆ: ಇನ್ನೆಷ್ಟು ಜನ ಬರುವುದಿದೆ, ಟ್ರೇಯಲ್ಲಿ ಎಷ್ಟು ಉಳಿದಿದೆ, ಹೊಸ ಬ್ಯಾಚ್ ಹಾಕಲೋ ಬೇಡವೋ. ‘ಬೇಡ’ ಎಂದಾದರೆ ಇದ್ದದ್ದರಲ್ಲೇ ದೂಡುತ್ತಾರೆ. ನಿಮ್ಮ ತಟ್ಟೆಗೆ ಬಂದ ಪ್ಯಾನ್‌ಕೇಕ್ ಒಂದು ಗಂಟೆ ಮೊದಲೇ ಹಂಚಿನಿಂದ ಇಳಿದದ್ದಿರಬಹುದು.

ಬಫೆಯ ಮುಚ್ಚಳದ ಪಾತ್ರೆ ಇದೆಯಲ್ಲ, ಚೇಫಿಂಗ್ ಡಿಶ್, ಅದು ಬಿಸಿಯನ್ನು ಕಾಯ್ದುಕೊಳ್ಳುತ್ತದೆಯೇ ಹೊರತು ಆರಿದ್ದನ್ನು ಬಿಸಿ ಮಾಡುವುದಿಲ್ಲ. ಕೆಳಗೆ ಜೆಲ್ ಡಬ್ಬಿ ಉರಿಯುತ್ತದೆ, ಅದರ ಮೇಲೆ ನೀರಿನ ತಟ್ಟೆ, ಅದರ ಮೇಲೆ ಆಹಾರದ ಟ್ರೇ. ಬಿಸಿ ಪದಾರ್ಥ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು, ತಣ್ಣನೆಯದು 5 ಡಿಗ್ರಿಯೊಳಗಿರಬೇಕು. ಜೆಲ್ ಮುಗಿದು ಆರಿದ್ದನ್ನು ಗಲಾಟೆಯ ಭಾನುವಾರ ಯಾರೂ ಗಮನಿಸುವುದಿಲ್ಲ. ಮುಚ್ಚಳ ಎತ್ತಿದಾಗ ಹಬೆ ಮುಖಕ್ಕೆ ಬಡಿಯದಿದ್ದರೆ, ಮುಚ್ಚಳದ ಒಳಗೆ ತಣ್ಣನೆಯ ನೀರಹನಿ ನಿಂತಿದ್ದರೆ, ಅದನ್ನು ಬಡಿಸಿಕೊಳ್ಳಬೇಡಿ.

ಹಬೆ ಚೆನ್ನಾಗಿದ್ದರೂ ಎಲ್ಲ ತಿನಿಸೂ ಆ ಪಾತ್ರೆಗೆ ಒಗ್ಗುವುದಿಲ್ಲ. ವೆಡ್ಜಸ್, ವಾಫಲ್, ಹ್ಯಾಷ್ ಬ್ರೌನ್, ಹುರಿದ ಬೇಕನ್ ಎಲ್ಲದರ ಗರಿ ಹತ್ತು ನಿಮಿಷದಲ್ಲಿ ಹಬೆಗೆ ಹೋಗುತ್ತದೆ. ಪ್ಯಾನ್‌ಕೇಕ್ ಹೊರಗೆ ಬೆವರಿ ಒಳಗೆ ಬಿಗಿಯಾಗುತ್ತದೆ. ಸ್ಕ್ರಾಂಬಲ್ಡ್ ಎಗ್ ನೀರು ಬಿಡುತ್ತದೆ, ಅಂಚು ಹಸಿರಾಗುವುದೂ ಉಂಟು. ಬಿರಿಯಾನಿ, ಸ್ಟ್ಯೂ, ಗ್ರೇವಿ, ಬೇಕ್ಡ್ ಬೀನ್ಸ್, ಟೊಮೆಟೊ ಗೊಜ್ಜಿನಲ್ಲಿ ಮೊಟ್ಟೆ ಬೇಯಿಸುವ ಶಕ್ಷೂಕಾ ಮಾತ್ರ ಆರಾಮವಾಗಿ ತಡೆಯುತ್ತವೆ. ತಡವಾಗಿ ಹೋದವರು ಇವುಗಳ ಕಡೆ ಕೈ ಹಾಕಬೇಕು.

ಎಗ್ಸ್ ಬೆನೆಡಿಕ್ಟ್ ಸಂಗತಿ ಬೇರೆ. ಮೇಲಿರುವ ಹಾಲಂಡೇಸ್ ಸಾಸ್ ಮೊಟ್ಟೆಯ ಹಳದಿಯೊಳಗೆ ಕರಗಿದ ಬೆಣ್ಣೆಯನ್ನು ಹಿಡಿದು ಕೂರಿಸಿದ್ದು. 70 ಡಿಗ್ರಿ ದಾಟಿದರೆ ಹಳದಿ ಗಂಟುಗಟ್ಟುತ್ತದೆ, ತೀರ ತಣ್ಣಗಾದರೆ ಬೆಣ್ಣೆ ಹೆಪ್ಪಾಗುತ್ತದೆ, ಎರಡರಲ್ಲೂ ಸಾಸ್ ಒಡೆಯುತ್ತದೆ. ಸಾಸ್ ಹಾಕಿಯೇ ಟ್ರೇಯಲ್ಲಿ ಸಾಲಾಗಿಟ್ಟರೆ ಒಡೆಯದೆ ಇನ್ನೇನಾಗುತ್ತದೆ? ಅದನ್ನು ಬಫೆಯಲ್ಲಿಡುವುದೇ ಅಡುಗೆಮನೆಯ ಅವಿವೇಕ. ಅದರೊಳಗಿನ ಪೋಚ್ಡ್ ಎಗ್, ಅಂದರೆ ಒಡೆದು ನೀರಿನಲ್ಲಿ ಬೇಯಿಸುವ ಮೊಟ್ಟೆಯನ್ನು, ಮುಂಚೆಯೇ ಬೇಯಿಸಿ ಐಸ್ ನೀರಿನಲ್ಲಿಟ್ಟು, ಬೇಕಾದಾಗ ಒಂದೆರಡು ನಿಮಿಷ ಬಿಸಿನೀರಿಗೆ ಹಾಕಿ ಕೊಡುವುದು ಎಲ್ಲ ಒಳ್ಳೆಯ ಕಿಚನ್‌ನ ಪದ್ಧತಿ, ಅದು ದೋಷವಲ್ಲ. ಎಗ್ ಕೌಂಟರ್‌ನಲ್ಲಿ ನಿಂತು ‘ಹೊಸದಾಗಿ ಒಂದು ಮಾಡಿಕೊಡಿ, ಸಾಸ್ ಬೇರೆ ಬಟ್ಟಲಲ್ಲಿ ಕೊಡಿ’ ಎಂದು ಕೇಳಿದ್ದರೆ ನಿಮಗೂ ಸರಿಯಾದದ್ದೇ ಸಿಗುತ್ತಿತ್ತು.

ಮುಂದಿನ ಸಲ ಬುಕ್ ಮಾಡುವಾಗ ಫೋನಿನಲ್ಲೇ ಕೇಳಿ: ಕೊನೆಯ ರೀಫಿಲ್ ಎಷ್ಟು ಹೊತ್ತಿಗೆ, ಎದುರಿಗೇ ಮಾಡಿಕೊಡುವ ಲೈವ್ ಕೌಂಟರ್ ಯಾವುವು, ಮಕ್ಕಳ ದರ ವಯಸ್ಸಿನ ಮೇಲೋ ಎತ್ತರದ ಮೇಲೋ, ಬ್ಯಾಂಡ್ ಇದೆಯೇ, ಮ್ಯಾಚ್ ಹಾಕುತ್ತಾರೆಯೇ. ಒಂದು ಟೇಬಲ್‌ನ ಎಲ್ಲ ದೊಡ್ಡವರೂ ಒಂದೇ ಪ್ಯಾಕೇಜ್ ತೆಗೆದುಕೊಳ್ಳಬೇಕು ಎನ್ನುವ ಪಬ್‌ಗಳೂ ಇವೆ, ಅದನ್ನೂ ವಿಚಾರಿಸಿ. ಹನ್ನೆರಡೂವರೆಯ ಟೇಬಲ್ ಎಲ್ಲಕ್ಕಿಂತ ಒಳ್ಳೆಯದು: ಮೊದಲ ಬ್ಯಾಚ್ ಆಗ ತಾನೇ ಬಂದಿರುತ್ತದೆ, ಸ್ಟೂವರ್ಡ್‌ಗಳು ಇನ್ನೂ ದಣಿದಿರುವುದಿಲ್ಲ. ಮಾವನವರಿಗೆ ಸ್ಪೀಕರ್‌ನ ಎದುರು ಬೇಡ. ಅದರ ಹಿಂಬದಿ, ಕಂಬದ ಮರೆ ಅಥವಾ ಹೊರಗಿನ ಜಾಗ ಕೇಳಿ. ಹಿಯರಿಂಗ್ ಏಡ್ ಪಾತ್ರೆಯ ಸದ್ದನ್ನೂ ಡ್ರಮ್ ಸದ್ದನ್ನೂ ಒಟ್ಟಿಗೇ ಏರಿಸುತ್ತದೆ. ಗದ್ದಲದ ಜಾಗಕ್ಕೆಂದು ಅದರಲ್ಲಿ ಬೇರೆ ಸೆಟ್ಟಿಂಗ್ ಇದ್ದರೆ ಹೊರಡುವ ಮೊದಲೇ ಬದಲಿಸಿಕೊಳ್ಳಲಿ.

ದೂರುವುದಿದ್ದರೆ ಮೊದಲ ಕಾಲು ಗಂಟೆಯಲ್ಲಿ ದೂರಬೇಕು. ನೀರು ಹಾಕುವ ಹುಡುಗನಿಗಲ್ಲ, ಬಡಿಸುವವರ ಮೇಲ್ವಿಚಾರಕರಾದ ಕ್ಯಾಪ್ಟನ್‌ಗೆ ಅಥವಾ ಮ್ಯಾನೇಜರ್‌ಗೆ. ‘ಊಟ ಚೆನ್ನಾಗಿಲ್ಲ’ ಎಂದರೆ ‘ಸಾರಿ ಸರ್’ ಸಿಗುತ್ತದೆ. ‘ಪ್ಯಾನ್‌ಕೇಕ್ ತಣ್ಣಗಿದೆ, ಆರು ಹೊಸದಾಗಿ ಮಾಡಿಸಿ ಟೇಬಲ್‌ಗೇ ಕಳಿಸಿ, ದೋಸೆ ಕೌಂಟರ್ ಮುಚ್ಚುವ ಮೊದಲು ನಾಲ್ಕು ಹೇಳಿಟ್ಟಿರಿ’ ಎಂದರೆ ಕಿಚನ್‌ಗೆ ಆರ್ಡರ್ ಹೋಗುತ್ತದೆ.

ಪ್ರಶ್ನೆ: ನಮ್ಮ ಬ್ರಂಚ್ ಬಿಲ್‌ನಲ್ಲಿ ಶೇ 10 ಸರ್ವಿಸ್ ಚಾರ್ಜ್, ಅದರ ಮೇಲೆ ಜಿಎಸ್‌ಟಿ, ಜತೆಗೆ ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ದರ. ಯಾವುದನ್ನು ಕೊಡಬೇಕು, ಯಾವುದನ್ನು ಬಿಡಬಹುದು?
– ಓದುಗರು, ಮಲ್ಲೇಶ್ವರ

ಉತ್ತರ: ಸರ್ವಿಸ್ ಚಾರ್ಜ್ ನಿಮ್ಮ ಇಷ್ಟಕ್ಕೆ ಬಿಟ್ಟದ್ದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯಂತೆ ಹೋಟೆಲ್ ಅದನ್ನು ತಾನಾಗಿ ಬಿಲ್‌ಗೆ ಸೇರಿಸುವಂತಿಲ್ಲ, ಬೇರೆ ಹೆಸರಿಟ್ಟು ವಸೂಲಿ ಮಾಡುವಂತಿಲ್ಲ, ಕೊಡದವರನ್ನು ಒಳಗೆ ಬಿಡುವುದಿಲ್ಲ ಎನ್ನುವಂತಿಲ್ಲ, ಊಟದ ದರಕ್ಕೆ ಕೂಡಿಸಿ ಒಟ್ಟು ಮೊತ್ತಕ್ಕೆ ಜಿಎಸ್‌ಟಿ ಹಾಕುವಂತೆಯೂ ಇಲ್ಲ. ರೆಸ್ಟೋರೆಂಟ್ ಸಂಘಟನೆಗಳು ಇದನ್ನು ಪ್ರಶ್ನಿಸಿದ್ದ ಅರ್ಜಿಗಳನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ತಳ್ಳಿಹಾಕಿತು. ಅದರ ಮೇಲೆ ಮೇಲ್ಮನವಿ ಹೋಗಿದೆ.

ಜೆ.ಪಿ. ನಗರದವರ ದರವನ್ನೇ ಇಟ್ಟುಕೊಂಡು ಲೆಕ್ಕ ನೋಡಿ. ದೊಡ್ಡವರು ನಾಲ್ವರಿಗೆ 5,996, ಮಕ್ಕಳಿಬ್ಬರಿಗೆ 1,498, ಒಟ್ಟು 7,494 ರೂಪಾಯಿ. ಇದಕ್ಕೆ ಶೇ 5 ಜಿಎಸ್‌ಟಿ 374.70 ಸೇರಿ 7,868.70. ಅಲ್ಲಿಗೆ ಮುಗಿಯಬೇಕು. ಸರ್ವಿಸ್ ಚಾರ್ಜ್ 749.40 ಸೇರಿಸಿ ಅದರ ಮೇಲೆ ಜಿಎಸ್‌ಟಿ ಹಾಕಿದರೆ 8,655.57 ಆಗುತ್ತದೆ. ಅಂದರೆ 786.87 ಹೆಚ್ಚು, ಇನ್ನೊಂದು ಮಗುವಿನ ಬ್ರಂಚ್‌ಗೆ ಸಾಲುವಷ್ಟು. ದೊಡ್ಡ ಹೋಟೆಲ್‌ಗಳ ಒಳಗಿನ ರೆಸ್ಟೋರೆಂಟ್‌ಗಳಲ್ಲಿ ಜಿಎಸ್‌ಟಿ ಶೇ 18 ಇರಬಹುದು, ಬಡಾವಣೆಯ ಬಿಡಿ ಪಬ್‌ಗಳಲ್ಲಿ ಊಟಕ್ಕೆ ಶೇ 5. ಮದ್ಯ ಜಿಎಸ್‌ಟಿ ವ್ಯಾಪ್ತಿಗೇ ಬರುವುದಿಲ್ಲ, ಆದ್ದರಿಂದ ಬಿಯರ್, ವೈನ್ ಬೇರೆಯಾಗಿ ನಮೂದಾಗಿರಬೇಕು.

ಕ್ರಮ ಸರಳ. ದುಡ್ಡು ಕಟ್ಟುವ ಮೊದಲು ಕಾಗದದ ಬಿಲ್ ತರಿಸಿ, ‘ಸರ್ವಿಸ್ ಚಾರ್ಜ್ ತೆಗೆದು ಹೊಸ ಬಿಲ್ ಕೊಡಿ’ ಎನ್ನಿ. ಹೆಚ್ಚಿನ ಕಡೆ ಎರಡು ನಿಮಿಷದ ಕೆಲಸ. ಆ್ಯಪ್‌ನಲ್ಲಿ ರಿಯಾಯಿತಿಗೆಂದು ಮೊದಲೇ ಕಟ್ಟಿಬಿಟ್ಟರೆ ಈ ಹಿಡಿತ ಕೈತಪ್ಪುತ್ತದೆ. ಒಪ್ಪದಿದ್ದರೆ ಬಿಲ್‌ನ ಫೋಟೊ ಇಟ್ಟುಕೊಂಡು 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಚೆನ್ನಾಗಿ ನೋಡಿಕೊಂಡ ಹುಡುಗನಿಗೆ ಟಿಪ್ಸ್ ಕೊಡುವ ಮನಸ್ಸಿದ್ದರೆ ಕೈಗೇ ಕೊಡಿ.

ನೀರಿನ ಬಾಟಲಿ ವಿಚಾರದಲ್ಲಿ ನಿಮಗೆ ನಿರಾಸೆಯಾದೀತು. ಹೋಟೆಲ್, ರೆಸ್ಟೋರೆಂಟ್‌ಗಳು ಕೂರಿಸಿ ಬಡಿಸುವಾಗ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿದೆ. ಕೂತ ಕೂಡಲೇ ‘ರೆಗ್ಯುಲರ್ ವಾಟರ್’ ಎಂದುಬಿಡಿ. ನೀವು ಬಾಯಿ ಬಿಡುವ ಮೊದಲೇ ಮುಚ್ಚಳ ತಿರುವುವ ಚಾಳಿ ಇದೆ.

ಪ್ರಶ್ನೆ: ನಮ್ಮ ತಂದೆ ತಾಯಿ ಮೊಟ್ಟೆಯನ್ನೂ ಮುಟ್ಟುವವರಲ್ಲ. ಹಸಿರು ಚುಕ್ಕೆ ನೋಡಿ ಬಡಿಸಿಕೊಂಡರೆ ಸಾಲದೆ?
– ಓದುಗರು, ಮೈಸೂರು

ಉತ್ತರ: ಪಬ್ ಬ್ರಂಚ್‌ನಲ್ಲಿ ಸಾಲದು. ಚುಕ್ಕೆಯ ಚೀಟಿ ಟ್ರೇಯ ಮುಂದೆ ಇರುತ್ತದೆ, ಟ್ರೇಗಳು ಜಾಗ ಬದಲಿಸುತ್ತಿರುತ್ತವೆ. ನೋಡಿದರೆ ಸಸ್ಯಾಹಾರ ಎನಿಸುವ ಪದಾರ್ಥಗಳಲ್ಲೇ ಮೋಸ ಹೆಚ್ಚು. ಸೀಸರ್ ಸಲಾಡ್‌ನ ಡ್ರೆಸ್ಸಿಂಗ್‌ನಲ್ಲಿ ಮೊಟ್ಟೆಯೂ ಆಂಚೊವಿ ಎಂಬ ಸಣ್ಣ ಮೀನೂ ಇರುತ್ತವೆ. ಥಾಯ್ ಕರಿ ಪೇಸ್ಟ್‌ನಲ್ಲಿ ಸಿಗಡಿ, ಪಪ್ಪಾಯಿ ಸಲಾಡ್‌ನಲ್ಲಿ ಫಿಶ್ ಸಾಸ್. ಪ್ಯಾನ್‌ಕೇಕ್, ವಾಫಲ್, ಫ್ರೆಂಚ್ ಟೋಸ್ಟ್, ಬ್ರಿಯೋಶ್ ಬನ್, ತಿರಾಮಿಸು ಎಲ್ಲದರಲ್ಲೂ ಮೊಟ್ಟೆ. ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ, ‘ಫ್ರೆಶ್ ಪಾಸ್ತಾ’ ಎಂದು ಬರೆದದ್ದರಲ್ಲಿ ಇರುತ್ತದೆ. ಪನ್ನಾಕೋಟಾ, ಮಾರ್ಷ್‌ಮ್ಯಾಲೊ, ಕೆಲವು ಮೂಸ್‌ಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್. ಮೇಯನೇಸ್ ನಮ್ಮಲ್ಲಿ ಎಗ್‌ಲೆಸ್ ಕೂಡ ಧಾರಾಳವಾಗಿ ಬಳಕೆಯಲ್ಲಿದೆ, ಆದರೆ ಕೇಳದೆ ನಂಬಬೇಡಿ.

ಇನ್ನು ಪದಾರ್ಥ ಶುದ್ಧವಿದ್ದರೂ ಕೈ ಬೆರಕೆಯಾಗುತ್ತದೆ. ತಂದೂರ್ ಬಳಿ ನಿಂತು ನೋಡಿ: ಬೆಣ್ಣೆಯ ಬಟ್ಟಲು ಒಂದೇ, ಅದರಲ್ಲಿ ಅದ್ದುವ ಬ್ರಷ್ಷೂ ಒಂದೇ, ಚಿಕನ್ ಟಿಕ್ಕಾಗೆ ಸವರಿದ್ದೇ ಪನೀರ್‌ಗೂ ಸವರುತ್ತಾರೆ. ಫ್ರೈಯರ್‌ನ ಎಣ್ಣೆಯೂ ಅಷ್ಟೇ, ಫಿಶ್ ಫಿಂಗರ್ ಬೆಂದ ಎಣ್ಣೆಯಲ್ಲೇ ಫ್ರೆಂಚ್ ಫ್ರೈಸ್. ‘ವೆಜ್ ಫ್ರೈಯರ್ ಬೇರೆ ಇದೆಯಾ, ಎಗ್ ತವಾದಲ್ಲೇ ದೋಸೆ ಹಾಕುತ್ತೀರಾ’ ಎಂದು ಕ್ಯಾಪ್ಟನ್‌ಗೆ ನೇರವಾಗಿ ಕೇಳಿ. ಉತ್ತರ ತಡವರಿಸಿದರೆ ಅದೇ ಉತ್ತರ. ಇಷ್ಟು ಕಟ್ಟುನಿಟ್ಟಾಗಿರುವ ಹಿರಿಯರಿಗೆ ಬಫೆ ದುಡ್ಡು ದಂಡ. ಆ ದಿನ ಅಲಾ ಕಾರ್ಟ್ (ಮೆನುವಿನಿಂದ ಬೇಕಾದ್ದನ್ನಷ್ಟೇ ತರಿಸುವುದು) ಸಿಗುತ್ತದೆಯೇ ಕೇಳಿ, ಸಿಗದಿದ್ದರೆ ಬೇರೆ ಜಾಗ ನೋಡುವುದು ವಾಸಿ.

ಪ್ರಶ್ನೆ: ಮಗನಿಗೆ 19. ಮನೆಯವರ ಜತೆ ಇರುವಾಗ ಒಂದು ಬಿಯರ್ ಕೊಡಬಹುದೇ? ಚಿಕ್ಕ ಮಗಳನ್ನು ಒಳಗೆ ಬಿಡುತ್ತಾರೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಕೊಡುವಂತಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ 18 ಎಂದಿದ್ದರೂ 1967ರ ಸನ್ನದು ಷರತ್ತುಗಳ ನಿಯಮದಲ್ಲಿ 21ಕ್ಕಿಂತ ಕಡಿಮೆ ವಯಸ್ಸಿನವರಿಗೆ ಮಾರಬಾರದು ಎಂದಿದೆ, ಪಬ್‌ಗಳು 21ನ್ನೇ ಪಾಲಿಸುತ್ತವೆ. ಅಪ್ಪ ಅಮ್ಮ ಪಕ್ಕದಲ್ಲಿದ್ದರೆ ವಿನಾಯಿತಿ ಇಲ್ಲ, ಸಿಕ್ಕಿಬಿದ್ದರೆ ಸನ್ನದಿಗೇ ಕುತ್ತು. ಹಾಗಾಗಿ ಐಡಿ ಕೇಳಿದ ಹುಡುಗಿಯ ಮೇಲೆ ರೇಗಬೇಡಿ. ಮಕ್ಕಳ ಪ್ರವೇಶ ಪಬ್‌ನಿಂದ ಪಬ್‌ಗೆ ಬೇರೆ: ಹಗಲು ಬಿಡುತ್ತಾರೆ, ಸಂಜೆಯಾದರೆ ಒಲ್ಲೆ ಎನ್ನುವವರೇ ಹೆಚ್ಚು.

ಮಕ್ಕಳಿರುವ ಟೇಬಲ್‌ನಲ್ಲಿ ಇನ್ನೊಂದು ಎಚ್ಚರ. ವೈನ್‌ಗೆ ಹಣ್ಣು ಬೆರೆಸಿದ ಸಾಂಗ್ರಿಯಾವೂ ಮದ್ಯವಿಲ್ಲದ ಫ್ರೂಟ್ ಪಂಚೂ ಒಂದೇ ಥರದ ಜಗ್‌ನಲ್ಲಿ, ಒಂದೇ ಬಣ್ಣದಲ್ಲಿ ಬರುತ್ತವೆ. ಲಾಂಗ್ ಐಲ್ಯಾಂಡ್ ಐಸ್ಡ್ ಟೀಯಲ್ಲಿ ಟೀ ಇರುವುದೇ ಇಲ್ಲ, ಹಲವು ಬಗೆಯ ಮದ್ಯ ಇರುತ್ತದೆ. ಮಕ್ಕಳ ಪಾನೀಯವನ್ನು ಬೇರೆಯೇ ಆರ್ಡರ್ ಆಗಿ, ಬೇರೆ ಆಕಾರದ ಲೋಟದಲ್ಲಿ ತರಿಸಿ, ಮೂಸಿ ನೋಡಿ ಕೊಡಿ.

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಬಂದಿದ್ದೇವೆ. ಭಾನುವಾರ ಪಕ್ಕದ ಪಬ್‌ಗೆ ಹೋದರೆ ಇಪ್ಪತ್ತು ನಿಮಿಷ ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ರೋಸ್ಟ್ (ಒವನ್‌ನಲ್ಲಿ ಬೇಯಿಸಿದ ಮಾಂಸದ ಊಟ) ಮುಗಿದಿದೆ ಎಂದರು. ಇದು ಇಲ್ಲಿಯ ಪದ್ಧತಿಯೇ?
– ಓದುಗರು, ರೆಡಿಂಗ್

ಉತ್ತರ: ಎರಡೂ ಪದ್ಧತಿಯೇ. ಅಲ್ಲಿ ಬಹಳ ಪಬ್‌ಗಳಲ್ಲಿ ಸ್ಟೂವರ್ಡ್ ನಿಮ್ಮ ಬಳಿ ಬರುವುದಿಲ್ಲ. ಟೇಬಲ್ ಮೇಲಿನ ನಂಬರ್ ನೋಡಿಕೊಂಡು ಬಾರ್ ಕೌಂಟರ್‌ಗೆ ಹೋಗಿ, ಆರ್ಡರ್ ಹೇಳಿ, ದುಡ್ಡನ್ನೂ ಅಲ್ಲೇ ಕಟ್ಟಿ ಬರಬೇಕು. ಊಟ ಮಾತ್ರ ಟೇಬಲ್‌ಗೆ ಬರುತ್ತದೆ. ಸಂಡೇ ರೋಸ್ಟ್ ಮಧ್ಯಾಹ್ನ ಹನ್ನೆರಡಕ್ಕೆ ಶುರುವಾಗಿ ಮಾಂಸ ಮುಗಿಯುವವರೆಗೆ. ಬೆಳಿಗ್ಗೆ ಒವನ್‌ಗೆ ಇಟ್ಟ ತುಂಡು ಅಷ್ಟೇ, ಮೂರು ಗಂಟೆಗೆ ಹೊಸದು ಇಡಲಾಗುವುದಿಲ್ಲ. ಒಂದು ಗಂಟೆಯೊಳಗಿನ ಟೇಬಲ್ ಬುಕ್ ಮಾಡಿ.

ಸಸ್ಯಾಹಾರಿಗಳಿಗೆ ಮಾಂಸದ ಬದಲು ಬೀಜಗಳಿಂದ ಮಾಡಿದ ನಟ್ ರೋಸ್ಟ್ ಇರುತ್ತದೆ, ಆದರೆ ಅದರ ಪಕ್ಕದವನ್ನು ಕೇಳಿ ನೋಡಬೇಕು. ರೋಸ್ಟ್ ಆಲೂಗಡ್ಡೆಯನ್ನು ಬಾತುಕೋಳಿ ಜಾತಿಯ ಹಕ್ಕಿಯ ಕೊಬ್ಬಿನಲ್ಲೋ ದನದ ಕೊಬ್ಬಿನಲ್ಲೋ ಬೇಯಿಸುವ ರೂಢಿ ಇದೆ, ಚಿಪ್ಸ್‌ಗೂ ಕೆಲವೆಡೆ ಅದೇ. ಗ್ರೇವಿ ಮಾಂಸದ ರಸದ್ದು. ಯಾರ್ಕ್‌ಷೈರ್ ಪುಡಿಂಗ್ ಎಂಬ ಉಬ್ಬಿದ ಬಟ್ಟಲು ಮೊಟ್ಟೆ, ಹಾಲು, ಮೈದಾ ಹಿಟ್ಟಿನದು, ಸಾಂಪ್ರದಾಯಿಕವಾಗಿ ದನದ ಕೊಬ್ಬು ಕಾಯಿಸಿದ ಅಚ್ಚಿನಲ್ಲಿ ಸುಡುತ್ತಾರೆ. ಪೀಪಾಯಿಯ ಏಲ್ ಎಂಬ ಬಿಯರ್ ತಿಳಿಯಾಗಿಸಲು ಮೀನಿನಿಂದ ತೆಗೆದ ಐಸಿಂಗ್ಲಾಸ್ ಬಳಸುವುದುಂಟು. ಒಂದು ಅನುಕೂಲ: ಅಲ್ಲಿನ ಕಾನೂನಿನಂತೆ ಮೊಟ್ಟೆ, ಹಾಲು, ಮೀನು, ಸಾಸಿವೆ, ಎಳ್ಳು ಸೇರಿ 14 ಅಲರ್ಜಿಕಾರಕಗಳ ಮಾಹಿತಿಯನ್ನು ಕೇಳಿದವರಿಗೆ ಕೊಡಲೇಬೇಕು. ‘ಅಲರ್ಜನ್ ಮೆನು’ ಕೇಳಿ ಪಡೆಯಿರಿ. ಕೊಬ್ಬಿನ ವಿಚಾರ ಆ ಪಟ್ಟಿಯಲ್ಲಿ ಬರುವುದಿಲ್ಲ, ಅದನ್ನು ಬಾಯಿಬಿಟ್ಟೇ ಕೇಳಬೇಕು.

ಮೊಮ್ಮಕ್ಕಳು ದೊಡ್ಡವರ ಜತೆ ಬರಬಹುದು, ಸಂಜೆಯ ಮಿತಿ ಆಯಾ ಪಬ್‌ನದು. 16, 17ರ ಹುಡುಗರಿಗೆ ಟೇಬಲ್ ಊಟದ ಜತೆ ದೊಡ್ಡವರು ಕೊಡಿಸಿದ ಬಿಯರ್, ವೈನ್, ಸೈಡರ್ ಅಲ್ಲಿ ಕಾನೂನುಬದ್ಧ. ಬಿಲ್‌ನಲ್ಲಿ ಸರ್ವಿಸ್ ಚಾರ್ಜ್ ‘ಐಚ್ಛಿಕ’ ಎಂದಿದ್ದರೆ ತೆಗೆಯಿರಿ ಎನ್ನಬಹುದು. 2024ರ ಅಕ್ಟೋಬರ್ 1ರಿಂದ ಟಿಪ್ಸ್, ಸರ್ವಿಸ್ ಚಾರ್ಜ್ ಪೂರ್ತಿಯಾಗಿ ಕೆಲಸಗಾರರಿಗೇ ಹೋಗಬೇಕೆಂಬ ಕಾನೂನು ಅಲ್ಲಿ ಜಾರಿಯಲ್ಲಿದೆ.

ಪ್ರಶ್ನೆ: ಬ್ರಂಚ್ ಮುಗಿಸಿ ಬಂದ ರಾತ್ರಿ ಮೂವರಿಗೆ ವಾಂತಿ. ಅಲ್ಲಿಯದೇ ಎಂದು ಹೇಗೆ ಹೇಳುವುದು, ಎಲ್ಲಿ ದೂರು ಕೊಡುವುದು?
– ಓದುಗರು, ಮಂಗಳೂರು

ಉತ್ತರ: ಹೊತ್ತು ಒಂದು ಸುಳಿವು. ತಿಂದು ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾದರೆ ಬಹಳ ಹೊತ್ತು ಬೆಚ್ಚಗೆ ಬಿಟ್ಟ ಅನ್ನ, ಕ್ರೀಮ್, ಕೈ ತಾಗಿದ ಸಿಹಿಯಂಥವುಗಳ ವಿಷ ಇರಬಹುದು. ಆರು ಗಂಟೆ ಕಳೆದು ಎರಡು ಮೂರು ದಿನದೊಳಗೆ ಜ್ವರ, ಭೇದಿ ಬಂದರೆ ಅರೆಬೆಂದ ಮೊಟ್ಟೆ, ಕೋಳಿಯಿಂದ ಬರುವ ಸಾಲ್ಮೊನೆಲ್ಲಾದಂಥದ್ದು. ಮೂವರೂ ತಿಂದು ಉಳಿದವರು ತಿನ್ನದ ಪದಾರ್ಥ ಯಾವುದು ಎಂದು ಆ ರಾತ್ರಿಯೇ ಬರೆದಿಟ್ಟುಕೊಳ್ಳಿ, ಮರುದಿನ ನೆನಪಿರುವುದಿಲ್ಲ. ಒಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ಮಲದಲ್ಲಿ ರಕ್ತ, ಜೋರು ಜ್ವರ, ಮಗು ಆರೆಂಟು ಗಂಟೆ ಮೂತ್ರ ಮಾಡದಿರುವುದು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ, ವೈದ್ಯರ ಚೀಟಿಯನ್ನು ಜೋಪಾನ ಮಾಡಿ.

ಬಿಲ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಟ್ಟ 14 ಅಂಕಿಯ ಸಂಖ್ಯೆ ಇರಬೇಕು, 2022ರ ಜನವರಿ 1ರಿಂದ ಅದು ಕಡ್ಡಾಯ. ಆ ಸಂಖ್ಯೆ ಕೊಟ್ಟು ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ಅಥವಾ 1800-112-100ಕ್ಕೆ ದೂರಬಹುದು. ದೂರು ಬೇಗ ಹೋದಷ್ಟೂ ಒಳ್ಳೆಯದು, ವಾರ ಕಳೆದ ಮೇಲೆ ಅಧಿಕಾರಿ ಬಂದರೂ ಅಲ್ಲಿ ನೋಡಲು ಏನೂ ಉಳಿದಿರುವುದಿಲ್ಲ.

ಪ್ರಶ್ನೆ: ಪಬ್‌ನ ಎಗ್ಸ್ ಬೆನೆಡಿಕ್ಟ್ ನಂಬಿ ಸಾಕಾಯಿತು. ಹಾಲಂಡೇಸ್ ಮನೆಯಲ್ಲೇ ಒಡೆಯದಂತೆ ಮಾಡುವುದು ಹೇಗೆ?
– ಓದುಗರು, ಶಿವಮೊಗ್ಗ

ಉತ್ತರ: ನಾಲ್ವರಿಗೆ ಮೂರು ಮೊಟ್ಟೆಯ ಹಳದಿ, ಒಂದು ಟೇಬಲ್ ಚಮಚ ನಿಂಬೆರಸ, ಒಂದು ಟೇಬಲ್ ಚಮಚ ನೀರು, 150 ಗ್ರಾಂ ಬೆಣ್ಣೆ ಸಾಕು. ಬೆಣ್ಣೆಯನ್ನು ಕರಗಿಸಿ ಉಗುರುಬಿಸಿಗಿಂತ ತುಸು ಹೆಚ್ಚಿಗೆ ಇಟ್ಟುಕೊಳ್ಳಿ. ಪಾತ್ರೆಯಲ್ಲಿ ಎರಡಂಗುಲ ನೀರು ಸಣ್ಣಗೆ ಕಾಯುತ್ತಿರಲಿ, ಕೊತಕೊತ ಕುದಿಯಬಾರದು. ಮೇಲಿಡುವ ಬೋಗುಣಿಯ ತಳ ನೀರಿಗೆ ತಾಗಬಾರದು. ಅದರಲ್ಲಿ ಹಳದಿ, ನಿಂಬೆರಸ, ನೀರು ಹಾಕಿ ಕೈ ಬಿಡದೆ ಮಥಿಸಿ. ಮೂರು ನಾಲ್ಕು ನಿಮಿಷದಲ್ಲಿ ನೊರೆ ಹೋಗಿ ಗಟ್ಟಿಯಾಗಿ, ಬೋಗುಣಿಯ ತಳ ಕಾಣುವಂತೆ ಗೆರೆ ಬಿಡುತ್ತದೆ. ಆಗ ಕೆಳಗಿಳಿಸಿ ಬೆಣ್ಣೆಯನ್ನು ಮೊದಲು ಹನಿ ಹನಿಯಾಗಿ, ಆಮೇಲೆ ಸಣ್ಣ ಧಾರೆಯಾಗಿ ಬಿಡುತ್ತಾ ಮಥಿಸಿ. ಬೆಣ್ಣೆ ಒಮ್ಮೆಗೇ ಸುರಿದರೆ ಒಡೆಯುವುದು ಖಂಡಿತ. ಕೊನೆಗೆ ಉಪ್ಪು, ಚಿಟಿಕೆ ಅಚ್ಚಖಾರದ ಪುಡಿ. ಉಪ್ಪುಬೆಣ್ಣೆಯಾದರೆ ಉಪ್ಪು ಬೇಡ.

ಒಡೆದರೂ ಚೆಲ್ಲಬೇಡಿ. ಬೇರೆ ಬಟ್ಟಲಲ್ಲಿ ಒಂದು ಹೊಸ ಹಳದಿಗೆ ಒಂದು ಚಮಚ ಬಿಸಿನೀರು ಹಾಕಿ ಮಥಿಸಿ, ಒಡೆದ ಸಾಸನ್ನು ಅದಕ್ಕೆ ಚಮಚ ಚಮಚವಾಗಿ ಸೇರಿಸಿದರೆ ಕೂಡಿಕೊಳ್ಳುತ್ತದೆ. ಗಂಟುಗಟ್ಟಿ ಮೊಟ್ಟೆ ಪಲ್ಯದಂತಾಗಿದ್ದರೆ ಮಾತ್ರ ಉಪಾಯವಿಲ್ಲ. ಬಿಸಿನೀರು ತುಂಬಿ ಚೆಲ್ಲಿದ ಥರ್ಮಾಸ್‌ಗೆ ಹಾಕಿಟ್ಟರೆ ಒಂದು ಗಂಟೆ ಚೆನ್ನಾಗಿರುತ್ತದೆ, ಎರಡು ಗಂಟೆ ಮೀರಿ ಇಡಬೇಡಿ. ಹಳದಿ ಪೂರ್ತಿ ಬೆಂದಿರುವುದಿಲ್ಲವಾದ್ದರಿಂದ ಗರ್ಭಿಣಿಯರಿಗೆ, ತೀರ ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಇದು ಬೇಡ.

ಪ್ರಶ್ನೆ: ಮದ್ಯ ಸೇರಿದ ಬ್ರಂಚ್ ಪ್ಯಾಕೇಜ್‌ಗೆ ಮುಂಗಡ ಕಟ್ಟಿದ ಮೇಲೆ ಆ ಭಾನುವಾರ ಡ್ರೈ ಡೇ ಎಂದು ತಿಳಿಯಿತು. ದುಡ್ಡು ಹೋಯಿತೇ?
– ಓದುಗರು, ಹೆಬ್ಬಾಳ

ಉತ್ತರ: ಹೋಗಬೇಕಿಲ್ಲ. ಚುನಾವಣೆಯಲ್ಲಿ ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ, ಮತ ಎಣಿಕೆಯ ದಿನ, ಅಕ್ಟೋಬರ್ 2 ಮದ್ಯ ಮಾರುವಂತಿಲ್ಲ. ಪ್ಯಾಕೇಜ್‌ನಲ್ಲಿ ಹೇಳಿದ್ದನ್ನು ಕೊಡಲಾಗದವರು ದುಡ್ಡನ್ನೂ ಇಟ್ಟುಕೊಳ್ಳುವಂತಿಲ್ಲ. ಮದ್ಯವಿಲ್ಲದ ಪ್ಯಾಕೇಜ್‌ನ ದರಕ್ಕೆ ಇಳಿಸಿ ವ್ಯತ್ಯಾಸ ಕೊಡಿ, ಇಲ್ಲವೇ ಮುಂಗಡ ವಾಪಸ್ ಮಾಡಿ ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ. ಫೋನಿನ ಮಾತಿಗೆ ದಾಖಲೆ ಇರುವುದಿಲ್ಲ. ‘ಬೇರೆ ದಿನ ಬನ್ನಿ’ ಎಂಬ ಕೂಪನ್ ಒಪ್ಪುವುದು ಬಿಡುವುದು ನಿಮ್ಮ ಇಷ್ಟ, ಒಪ್ಪುವುದಾದರೆ ಅದರ ಕೊನೆಯ ದಿನಾಂಕವನ್ನೂ ಬರೆಸಿಕೊಳ್ಳಿ.